ಐಇಪಿ ಬರೆಯುವ ಮುನ್ನ ಮನೆಯವರನ್ನು ಕೇಳಿ

ಜೂನ್‌ನಲ್ಲಿ ಹೊಸ ಹಾಜರಿ ಪುಸ್ತಕ ಕೈಗೆ ಬಂದಾಗ ಒಂದೋ ಎರಡೋ ಹೆಸರಿನ ಪಕ್ಕದಲ್ಲಿ ‘ಸಿಡಬ್ಲ್ಯುಎಸ್‌ಎನ್’ ಎಂದು ಬರೆದಿರುತ್ತದೆ. ವಿಶೇಷ ಅಗತ್ಯವುಳ್ಳ ಮಗು ಎಂದರ್ಥ. ಸಮನ್ವಯ ಶಿಕ್ಷಣದ ಬಗ್ಗೆ ಡಿ.ಇಡಿ.ಯಲ್ಲಿ ಓದಿದ್ದು ಪರೀಕ್ಷೆಗಾಯಿತು. ಈಗ ಆ ಮಗು ಎದುರಿಗೇ ಕೂತಿದೆ. ನಾಳೆ ಬೆಳಿಗ್ಗೆ ಅದಕ್ಕೆ ಏನು ಕಲಿಸಬೇಕು ಎಂಬ ಪ್ರಶ್ನೆ ನಿಮ್ಮದು.

ಬ್ಲಾಕ್ ಮಟ್ಟದ ವಿಶೇಷ ಸಂಪನ್ಮೂಲ ಶಿಕ್ಷಕರು, ಅಂದರೆ ನಾವೆಲ್ಲ ಬಿಐಇಆರ್‌ಟಿ ಎಂದು ಕರೆಯುವವರು, ಶಾಲೆಗೆ ಬರುತ್ತಾರೆ. ಅವರ ತಲೆಯ ಮೇಲೆ ಬ್ಲಾಕಿನ ಅದೆಷ್ಟೋ ಶಾಲೆಗಳ ಹೊಣೆ ಇರುತ್ತದೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಹಳ್ಳಿಯ ಶಾಲೆಯೊಂದರ ಬಾಗಿಲಲ್ಲಿ ನಿಂತು ನೋಡಿದರೆ ಆ ಲೆಕ್ಕ ಇನ್ನೂ ದೂರವೇ ಇದೆ. ಬಿಐಇಆರ್‌ಟಿ ಬಂದುಹೋದ ಮೇಲೆ ಉಳಿದ ದಿನಗಳಲ್ಲಿ ಮಗುವಿಗೆ ಶಿಕ್ಷಕರೆಂದರೆ ತರಗತಿಯ ಶಿಕ್ಷಕರೇ. ಹಾಗಾಗಿ ವೈಯಕ್ತಿಕ ಶಿಕ್ಷಣ ಯೋಜನೆ, ಎಲ್ಲರ ಬಾಯಲ್ಲಿ ಐಇಪಿ ಆಗಿರುವ ಆ ಕಾಗದ, ಬಿಐಇಆರ್‌ಟಿಯವರ ಕಡತದಲ್ಲಿ ಕೂತರೆ ಪ್ರಯೋಜನವಿಲ್ಲ. ಅದನ್ನು ಬರೆಯುವಾಗ ತರಗತಿ ಶಿಕ್ಷಕರೂ ಜೊತೆಗಿರಬೇಕು, ಮಗುವಿನ ಮನೆಯವರೂ ಜೊತೆಗಿರಬೇಕು. ಈ ಎರಡನೆಯದನ್ನೇ ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಯೋಜನೆ ಬರೆದು ಮುಗಿಸಿ, ಕೊನೆಗೆ ತಾಯಿಯನ್ನು ಕರೆಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇವೆ. ಈ ಕ್ರಮ ತಿರುಗಬೇಕು ಎಂಬುದೇ ಈ ಲೇಖನದ ಒತ್ತಾಯ.

ಕಾನೂನು ಏನು ಕೇಳುತ್ತದೆ

ಕಾನೂನಿನ ಮಾತು ಚಿಕ್ಕದಾಗಿಯೇ ಇರಲಿ, ಆದರೆ ತಿಳಿದಿರಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಪ್ರತಿ ಮಗುವಿನ ಕಲಿಕೆಯ ಸಾಮರ್ಥ್ಯ ಅಳೆದು ಅಗತ್ಯವಿದ್ದಷ್ಟು ಹೆಚ್ಚುವರಿ ಬೋಧನೆ ಕೊಡುವುದು ಅವುಗಳಲ್ಲಿ ಒಂದು. ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಿ ಹಾಜರಾತಿ, ಕಲಿಕೆಯ ಸಾಮರ್ಥ್ಯ, ಪ್ರಗತಿ ಇವುಗಳನ್ನು ತಿಳಿಸುವುದು ಇನ್ನೊಂದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಅದಕ್ಕೂ ಹಿಂದಿನ 1995ರ ಕಾಯ್ದೆಯಲ್ಲಿ ಇದ್ದದ್ದು ಏಳು. 2016ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಶಾಲೆ ಯಾವ ಭೇದವೂ ಇಲ್ಲದೆ ಮಗುವನ್ನು ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ವೈಯಕ್ತಿಕ ನೆರವು ಕೊಡಬೇಕು, ನಿರ್ದಿಷ್ಟ ಕಲಿಕಾ ನ್ಯೂನತೆ ಇದ್ದರೆ ಬೇಗ ಪತ್ತೆಹಚ್ಚಬೇಕು, ಪ್ರಗತಿಯ ಮೇಲೆ ಕಣ್ಣಿಡಬೇಕು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ತಂದೆತಾಯಂದಿರು ಊರಿಗೆ ಬಂದಾಗ ಐಇಪಿ ಮೀಟಿಂಗ್ ಬಗ್ಗೆ ಹೇಳುವುದನ್ನು ಕೆಲವರಾದರೂ ಕೇಳಿರುತ್ತೀರಿ. ಅಲ್ಲಿ 1975ರ ಕಾನೂನಿನಿಂದಲೇ ಪೋಷಕರು ಯೋಜನೆ ಬರೆಯುವ ತಂಡದ ಸದಸ್ಯರು. ಅವರ ಒಪ್ಪಿಗೆ ಇಲ್ಲದೆ ವಿಶೇಷ ಶಿಕ್ಷಣ ಶುರುವಾಗುವುದಿಲ್ಲ, ವರ್ಷಕ್ಕೊಮ್ಮೆಯಾದರೂ ಯೋಜನೆಯನ್ನು ಮತ್ತೆ ನೋಡಲೇಬೇಕು, ಇಂಗ್ಲಿಷ್ ಬಾರದ ಪೋಷಕರಿಗೆ ಮಾತು ಅರ್ಥವಾಗುವಂತೆ ಶಾಲೆಯೇ ದುಭಾಷಿಯನ್ನು ಒದಗಿಸಬೇಕು. ನಮ್ಮ ಕಾಯ್ದೆಗಳಲ್ಲಿ ಇಷ್ಟು ಬಿಡಿಸಿ ಹೇಳಿದ ವಿಧಾನವಿಲ್ಲ. ಆದರೆ ಒಬ್ಬ ಶಿಕ್ಷಕಿ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಮಾತನ್ನು ಕೇಳುವುದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ.

ಕಂಡದ್ದನ್ನು ಬರೆಯಿರಿ, ಹೆಸರು ಇಡಬೇಡಿ

ಮಗುವಿಗೆ ಏನೋ ತೊಂದರೆ ಇದೆ ಎಂದು ಅನ್ನಿಸಿದ ಕೂಡಲೇ ಮನೆಯವರಿಗೆ ‘ಇವನಿಗೆ ಡಿಸ್ಲೆಕ್ಸಿಯಾ ಇರಬೇಕು’, ‘ಆಟಿಸಂ ತರಹ ಕಾಣ್ತದೆ’ ಎಂದು ಹೇಳಿಬಿಡುವುದು ದೊಡ್ಡ ತಪ್ಪು. ರೋಗನಿರ್ಣಯ ನಮ್ಮ ಕೆಲಸವಲ್ಲ. ಗಮನಿಸುವುದು ನಮ್ಮ ಕೆಲಸ, ಮತ್ತು ಅದನ್ನು ನಮ್ಮಷ್ಟು ಚೆನ್ನಾಗಿ ಮಾಡಬಲ್ಲವರು ಬೇರೆ ಯಾರೂ ಇಲ್ಲ. ಎರಡು ವಾರ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಿರಿ: ‘ಹಿಂದಿನಿಂದ ಕರೆದರೆ ತಿರುಗಲಿಲ್ಲ, ಎದುರಿಗೆ ಬಂದು ಕರೆದಾಗ ನೋಡಿದ.’ ‘ಬೋರ್ಡಿನಿಂದ ಇಳಿಸಿಕೊಳ್ಳುವಾಗ ಎರಡು ಸಾಲು ಬಿಟ್ಟ, ಪುಸ್ತಕದಿಂದ ಬರೆಯುವಾಗ ಬಿಡಲಿಲ್ಲ.’ ‘ಪಾಠದ ಮಧ್ಯೆ ಕೆಲವು ಸೆಕೆಂಡು ಕಣ್ಣು ಒಂದೇ ಕಡೆ ನೆಟ್ಟಿತ್ತು, ಕರೆದರೂ ಮಾತಿಲ್ಲ, ಆಮೇಲೆ ಏನೂ ಆಗದಂತೆ ಬರೆಯತೊಡಗಿದಳು.’ ಮೊದಲನೆಯದು ಸೋರುವ ಕಿವಿಯ ಕತೆ ಇರಬಹುದು, ಎರಡನೆಯದು ಕನ್ನಡಕದಲ್ಲಿ ಮುಗಿಯಬಹುದು, ಮೂರನೆಯದು ಮೂರ್ಛೆರೋಗದ ಒಂದು ಬಗೆ ಇರಬಹುದು. ವೈದ್ಯರಿಗೆ ನಿಮ್ಮ ಈ ಮೂರು ಸಾಲು ‘ಮಗು ದಡ್ಡ, ಗಮನ ಕೊಡುವುದಿಲ್ಲ’ ಎಂಬ ಒಂದು ಪುಟಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಓದು–ಬರಹದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒತ್ತಕ್ಷರ ಬಿಡುವುದು, ದೀರ್ಘ ಮರೆಯುವುದು, ಮಹಾಪ್ರಾಣದ ಜಾಗದಲ್ಲಿ ಅಲ್ಪಪ್ರಾಣ ಬರೆಯುವುದು ಎಲ್ಲ ಮಕ್ಕಳೂ ಮಾಡುವ ತಪ್ಪುಗಳೇ. ಹಳೇ ಮೈಸೂರು ಕಡೆಯ ಮಗು ‘ಹಾಲು’ ಬದಲು ‘ಆಲು’ ಎಂದು ಬರೆದರೆ ಅದು ಮನೆಯ ಮಾತು, ನ್ಯೂನತೆ ಅಲ್ಲ. ಮನೆಯಲ್ಲಿ ತುಳು, ಲಂಬಾಣಿ, ಉರ್ದು, ತೆಲುಗು ಮಾತಾಡುವ ಮಗು ಕನ್ನಡ ಓದಲು ನಿಧಾನಿಸಿದರೆ ಅದೂ ನ್ಯೂನತೆ ಅಲ್ಲ. ಜೊತೆಯ ಮಕ್ಕಳೆಲ್ಲ ದಾಟಿಹೋದ ತಪ್ಪು ಈ ಮಗುವಿನಲ್ಲಿ ಮಾತ್ರ ವರ್ಷಗಟ್ಟಲೆ ಉಳಿದಿದ್ದರೆ, ಬಾಯಲ್ಲಿ ಸೊಗಸಾಗಿ ಕತೆ ಹೇಳುವ ಮಗು ಅದೇ ಕತೆಯ ಒಂದು ಸಾಲು ಓದಲು ಬೆವರಿದರೆ, ಆಗ ಸಂಪನ್ಮೂಲ ಶಿಕ್ಷಕರಿಗೆ ತಿಳಿಸಿ.

ಗಮನಿಸಲು ಸಲಕರಣೆಗಳೂ ಇವೆ. ಎನ್‌ಸಿಇಆರ್‌ಟಿ 2022ರಲ್ಲಿ ತಂದ ‘ಪ್ರಶಸ್ತ್’ ಆ್ಯಪ್‌ನ ಮೊದಲ ಭಾಗವನ್ನು ಸಾಮಾನ್ಯ ಶಿಕ್ಷಕರೇ ತುಂಬಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಶಾಲೆಗೆ ಬಂದ ದಿನ ನಿಮ್ಮ ನೋಟ್‌ಬುಕ್ ಅವರ ಮುಂದಿಡಿ. ಮುಂದಿನ ತಪಾಸಣೆಗೆ ಅವರು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಬಲ್ಲರು. ತಾಲ್ಲೂಕಿನ ವೈದ್ಯಕೀಯ ಮೌಲ್ಯಾಂಕನ ಶಿಬಿರ ಯಾವಾಗ ಎಂದು ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ ಕೇಳಿಟ್ಟುಕೊಳ್ಳಿ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಸಾಮಾನ್ಯವಾಗಿ 8 ವರ್ಷ ತುಂಬುವ ಮೊದಲು ಕೊಡುವುದಿಲ್ಲ. ಅದಕ್ಕೆ ಬಳಸುವ ಪರೀಕ್ಷೆಗಳಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ್ದೂ ಒಂದು. ಕಿವಿ ಮತ್ತು ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಪ್ರಮಾಣಪತ್ರ ಬರುವವರೆಗೆ ಕಲಿಸುವುದನ್ನು ಮಾತ್ರ ಕಾಯಿಸಬೇಡಿ. ಹೆಚ್ಚುವರಿ ಬೋಧನೆ ಕೊಡಲು ಶಿಕ್ಷಣ ಹಕ್ಕು ಕಾಯ್ದೆ ಯಾವ ಕಾರ್ಡನ್ನೂ ಕೇಳುವುದಿಲ್ಲ.

ಮೊದಲ ಮಾತು

ಈಗ ಮುಖ್ಯ ಸಂಗತಿಗೆ ಬರೋಣ. ಮನೆಯವರನ್ನು ಹೇಗೆ ಕರೆಯುತ್ತೀರಿ, ಎಲ್ಲಿ ಕೂರಿಸುತ್ತೀರಿ, ಮೊದಲು ಏನು ಕೇಳುತ್ತೀರಿ ಎಂಬುದರ ಮೇಲೆ ಮುಂದಿನ ಇಡೀ ವರ್ಷ ನಿಂತಿರುತ್ತದೆ.

ಎಲ್ಲರ ಎದುರು, ಪೋಷಕರ ಸಭೆಯಲ್ಲೋ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನವೋ ಈ ವಿಷಯ ಎತ್ತಬಾರದು. ಬೇರೆ ದಿನ ಕರೆಯಿರಿ. ಕೂಲಿಗೆ ಹೋಗುವ ತಾಯಿಗೆ ಅರ್ಧ ದಿನ ಶಾಲೆಗೆ ಬರುವುದೆಂದರೆ ಅರ್ಧ ದಿನದ ಕೂಲಿ ಹೋದಂತೆ. ಬೆಳಿಗ್ಗೆ ಹೊಲಕ್ಕೆ ಹೋಗುವ ಮುಂಚೆಯೋ ಸಂಜೆ ಶಾಲೆ ಬಿಟ್ಟ ಮೇಲೋ ಅವರಿಗೆ ಯಾವಾಗ ಆಗುತ್ತದೆ ಎಂದು ಕೇಳಿ. ಆಗದಿದ್ದರೆ ನೀವೇ ಮನೆಗೆ ಹೋಗಿ. ಮನೆ ನೋಡಿದ ಶಿಕ್ಷಕರಿಗೆ ತಿಳಿಯುವುದು ಹತ್ತು ಸಭೆಗಳಲ್ಲಿಯೂ ತಿಳಿಯುವುದಿಲ್ಲ: ಶೌಚಾಲಯ ಎಲ್ಲಿದೆ, ಮಗು ಕೂರುವ ಜಾಗ ಯಾವುದು, ಮಗುವಿನ ಜೊತೆ ಹೆಚ್ಚು ಹೊತ್ತು ಇರುವವರು ಯಾರು. ಎಷ್ಟೋ ಮನೆಗಳಲ್ಲಿ ಅದು ಅಜ್ಜಿ. ಹಾಗಿದ್ದರೆ ಅಜ್ಜಿಯೂ ಮಾತಿಗೆ ಕೂರಲಿ. ತಂದೆಯನ್ನೂ ಕರೆಯಿರಿ. ಒಬ್ಬ ತಾಯಿಯ ಮೇಲೇ ಎಲ್ಲವನ್ನೂ ಹೊರಿಸುವ ಊರಿನ ಅಭ್ಯಾಸಕ್ಕೆ ಶಾಲೆಯೂ ಕೈಜೋಡಿಸಬಾರದು.

ಇಂಥ ತಾಯಂದಿರು ಶಾಲೆಗೆ ಬರುವ ಹೊತ್ತಿಗೆ ಬಹಳ ಕೇಳಿಸಿಕೊಂಡಿರುತ್ತಾರೆ. ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದೆ ಎಂದವರಿದ್ದಾರೆ, ನಿನ್ನ ತವರಿನ ಕಡೆಯಿಂದ ಬಂದದ್ದು ಎಂದವರಿದ್ದಾರೆ. ಆಸ್ಪತ್ರೆ ಆಸ್ಪತ್ರೆ ಅಲೆದಿರುತ್ತಾರೆ, ದೇವರಿಗೆ ಹರಕೆ ಹೊತ್ತಿರುತ್ತಾರೆ. ಹರಕೆಯ ಬಗ್ಗೆ ಉಪನ್ಯಾಸ ಬೇಡ. ಹರಕೆಯೂ ಇರಲಿ, ಔಷಧವನ್ನು ಮಾತ್ರ ನಿಲ್ಲಿಸಬೇಡಿ ಎಂದರೆ ಸಾಕು. ಶಾಲೆಯಿಂದ ಕರೆ ಬಂದರೆ ದೂರು ಎಂದೇ ಅವರು ತಿಳಿಯುತ್ತಾರೆ. ಆದ್ದರಿಂದ ಮಗು ಮಾಡುವ ಒಂದು ಒಳ್ಳೆಯ ಕೆಲಸದಿಂದ ಮಾತು ಶುರು ಮಾಡಿ. ಅದು ನಿಜವಾಗಿ ನೀವು ಕಂಡದ್ದೇ ಆಗಿರಬೇಕು. ಹೊಗಳಿಕೆಗೆಂದು ಹೇಳಿದ್ದನ್ನು ಅವರು ತಟ್ಟನೆ ಗುರುತಿಸುತ್ತಾರೆ.

ನಂತರ ಕೇಳಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೂರನೇ ತರಗತಿಯ ಹುಡುಗಿ, ಡೌನ್ ಸಿಂಡ್ರೋಮ್ ಇದೆ. ಶಾಲೆಯ ದಾಖಲೆಯಲ್ಲಿ ‘ಸಂಖ್ಯಾಜ್ಞಾನ ಇಲ್ಲ’ ಎಂದಿದೆ. ಧಾರವಾಡದ ಕಡೆಯ ಊರು.

‘ಬರ್ರಿ ಅವ್ವಾ, ಕೂಡ್ರಿ. ಮನ್ಯಾಗ ಏನೇನ ಮಾಡ್ತಾಳ್ರಿ?’

‘ಏನ್ ಮಾಡ್ತಾಳ್ರಿ ಅಕ್ಕೋರ... ನಾ ರೊಟ್ಟಿ ಬಡಿಯೂ ಮುಂದ ಬಾಜೂಕ ಕುಂತಿರ್ತಾಳ. ರೊಟ್ಟಿ ತಗದು ಬುಟ್ಟ್ಯಾಗ ಇಡ್ತಾಳ.’

‘ಹೌದಾ? ಹೆಂಗ ಇಡ್ತಾಳ್ರಿ?’

‘ಅವರಪ್ಪಗ ನಾಕು, ಅಜ್ಜಗ ಎರಡು, ಬ್ಯಾರೆ ಬ್ಯಾರೆ ಇಡ್ತಾಳ್ರಿ. ತಪ್ಪಂಗಿಲ್ಲ.’

ದಾಖಲೆ ಇಲ್ಲೇ ಬಿದ್ದುಹೋಯಿತು. ಅಂಕಿ ಬರೆಯಲು ಬಾರದ ಹುಡುಗಿಗೆ ನಾಲ್ಕು ಎಂದರೆ ಎಷ್ಟು ಎಂದು ಗೊತ್ತಿದೆ, ಯಾರಿಗೆ ಎಷ್ಟು ಎಂಬ ನೆನಪಿದೆ, ಬೇರ್ಪಡಿಸುವುದು ಗೊತ್ತಿದೆ. ಶಾಲೆ ಕೇಳಿದ್ದು ಪಾಟಿಯ ಮೇಲಿನ ‘4’ ಏನು ಎಂದು. ಮನೆ ಕೇಳಿದ್ದು ಅಪ್ಪನಿಗೆ ಎಷ್ಟು ಎಂದು. ಐಇಪಿಯ ಮೊದಲ ಅಂಕಣ ‘ಮಗುವಿನ ಈಗಿನ ಹಂತ’. ಅದನ್ನು ತುಂಬಲು ಬೇಕಾದ ಅರ್ಧ ಮಾಹಿತಿ ಹೀಗೆ ಒಲೆಯ ಮುಂದೆ, ದನದ ಕೊಟ್ಟಿಗೆಯಲ್ಲಿ, ಅಂಗಡಿಯ ಹಾದಿಯಲ್ಲಿ ಇರುತ್ತದೆ. ತಾಯಿ ‘ಏನ್ ಮಾಡ್ತಾಳ್ರಿ’ ಎಂದಷ್ಟಕ್ಕೇ ನಿಲ್ಲಿಸಿದಾಗ ನೀವು ‘ಹೆಂಗ?’ ಎಂದು ಇನ್ನೊಂದು ಸಲ ಕೇಳಬೇಕು.

ಕೇಳಬೇಕಾದ ಬೇರೆ ಪ್ರಶ್ನೆಗಳೂ ಇವೆ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಮಗುವಿನ ದಿನ ಹೇಗಿರುತ್ತದೆ? ಯಾವುದಕ್ಕೆ ಹೆದರುತ್ತದೆ, ಯಾವುದಕ್ಕೆ ನಗುತ್ತದೆ? ಬೇಕಾದ್ದನ್ನು ಹೇಗೆ ಕೇಳುತ್ತದೆ: ಮಾತಿನಲ್ಲೋ, ಕೈ ಹಿಡಿದೆಳೆದೋ? ಔಷಧ ಇದೆಯೇ, ಎಷ್ಟು ಹೊತ್ತಿಗೆ? ಕೊನೆಯಲ್ಲಿ ಇದನ್ನು ಕೇಳಲೇಬೇಕು: ‘ಈ ವರ್ಷ ಅವಳು ಏನೊಂದು ಕಲಿತರೆ ನಿಮಗೆ ಅನುಕೂಲ?’ ಉತ್ತರ ಅನೇಕ ಸಲ ಅಕ್ಷರವೂ ಆಗಿರುವುದಿಲ್ಲ, ಅಂಕಿಯೂ ಆಗಿರುವುದಿಲ್ಲ. ‘ತಾನೇ ಸಂಡಾಸಕ್ಕೆ ಹೋಗಿ ಬರಂಗಾದ್ರ ಸಾಕು’ ಎನ್ನುತ್ತಾರೆ. ಅದು ನಿಮ್ಮ ಪಠ್ಯಕ್ರಮದಲ್ಲಿ ಇಲ್ಲದಿರಬಹುದು, ಯೋಜನೆಯಲ್ಲಿ ಇರಲೇಬೇಕು. ಮಗು ಶೌಚಕ್ಕೆ ತಾನೇ ಹೋಗಿ ಬಂದರೆ ಶಾಲೆಗೆ ದಿನವೂ ಬರುತ್ತದೆ. ದಿನವೂ ಬಂದರೆ ಅಕ್ಷರಕ್ಕೂ ಸಮಯ ಸಿಗುತ್ತದೆ.

ಆಡಬಾರದ ಮಾತುಗಳು ಎರಡಿವೆ. ಒಂದು, ‘ಎಲ್ಲ ಸರಿಹೋಗುತ್ತೆ, ದೊಡ್ಡವನಾದರೆ ತಾನಾಗಿ ಕಲೀತಾನೆ.’ ಇದರಿಂದ ಚಿಕಿತ್ಸೆಯ ಅಮೂಲ್ಯ ವರ್ಷಗಳು ಕೈತಪ್ಪುತ್ತವೆ. ಇನ್ನೊಂದು, ‘ಇಲ್ಲಿ ಆಗಲ್ಲ, ವಿಶೇಷ ಶಾಲೆಗೆ ಸೇರಿಸಿ.’ ಬೆಂಚ್‌ಮಾರ್ಕ್ ಅಂಗವೈಕಲ್ಯ, ಅಂದರೆ ಶೇ 40 ಅಥವಾ ಹೆಚ್ಚು ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ನೆರೆಹೊರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಎಂಬ ಆಯ್ಕೆ ಮಗು ಮತ್ತು ಮನೆಯವರದು. ಇನ್ನು ಕುಂಟ, ಮೂಗ, ಹುಚ್ಚ ಎಂಬ ಮಾತುಗಳು ಶಾಲೆಯ ಅಂಗಳದಲ್ಲಿ ಮಕ್ಕಳ ಬಾಯಲ್ಲೂ ಬರದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಅವಮಾನಿಸುವ ಉದ್ದೇಶದಿಂದ ಸಾರ್ವಜನಿಕವಾಗಿ ಹೀಗೆ ನಿಂದಿಸುವುದು 2016ರ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಜೈಲು ಶಿಕ್ಷೆಯ ಅಪರಾಧ.

ಒಂದೇ ಪುಟ ಸಾಕು

ಯೋಜನೆ ಉದ್ದವಿದ್ದಷ್ಟೂ ಓದುವವರು ಕಡಿಮೆ. ತರಗತಿ ಶಿಕ್ಷಕರ ಮೇಜಿನ ಮೇಲೆ ಇರುವ ಪ್ರತಿ ಒಂದೇ ಪುಟದ್ದಾಗಿರಲಿ ಎಂದು ನನ್ನ ಸಲಹೆ. ವಿವರವಾದ ನಮೂನೆ ಬಿಐಇಆರ್‌ಟಿಯವರ ಬಳಿ ಹೇಗೂ ಇರುತ್ತದೆ. ಆ ಪುಟದಲ್ಲಿ ಇಷ್ಟಿರಲಿ: ಮಗು ಈಗ ಏನು ಮಾಡಬಲ್ಲದು, ವರ್ಷದ ಕೊನೆಗೆ ಎಲ್ಲಿಗೆ ತಲುಪಬೇಕು, ಮುಂದಿನ ಮೂರು ತಿಂಗಳಿಗೆ ಎರಡೋ ಮೂರೋ ಗುರಿ, ಶಾಲೆಯಲ್ಲಿ ಯಾರು ಏನು ಮಾಡುತ್ತಾರೆ, ಮನೆಯಲ್ಲಿ ಯಾರು ಏನು ಮಾಡುತ್ತಾರೆ, ಕಲಿತಿದೆ ಎಂದು ಹೇಗೆ ಹೇಳುತ್ತೀರಿ.

ಗುರಿ ಬರೆಯುವುದರಲ್ಲೇ ಎಲ್ಲ ಇದೆ. ‘ಗಣಿತದಲ್ಲಿ ಸುಧಾರಣೆ ತರುವುದು’ ಎಂದು ಬರೆದರೆ ಅದು ಆಯಿತೋ ಇಲ್ಲವೋ ಯಾರೂ ಹೇಳಲಾರರು. ಆ ರೊಟ್ಟಿಯ ಹುಡುಗಿಗೆ ಹೀಗೆ ಬರೆಯಬಹುದು: ‘ದಸರಾ ರಜೆಯ ಹೊತ್ತಿಗೆ, 1ರಿಂದ 5ರವರೆಗಿನ ಅಂಕಿಯ ಕಾರ್ಡು ತೋರಿಸಿದಾಗ ಅಷ್ಟೇ ವಸ್ತುಗಳನ್ನು ಎಣಿಸಿ ಕೊಡುತ್ತಾಳೆ, 5 ಸಲ ಕೇಳಿದರೆ 4 ಸಲ ಸರಿ, ಸತತ ಮೂರು ದಿನ.’ ಓದಿದ ಯಾರಿಗಾದರೂ ಅರ್ಥವಾಗುತ್ತದೆ, ಯಾರು ಬೇಕಾದರೂ ಪರೀಕ್ಷಿಸಬಹುದು.

ಅಲ್ಲಿಗೆ ತಲುಪುವ ದಾರಿ ಅವಳು ಬಲ್ಲ ಕಡೆಯಿಂದಲೇ ಶುರುವಾಗಲಿ. ಬಿಸಿಯೂಟದ ಹೊತ್ತಿನಲ್ಲಿ ತನ್ನ ಸಾಲಿನ ನಾಲ್ಕು ಮಕ್ಕಳಿಗೆ ತಟ್ಟೆ ಕೊಡುವ ಕೆಲಸ ಅವಳದು. ತಟ್ಟೆಯ ರಾಶಿಯ ಪಕ್ಕದಲ್ಲಿ ‘4’ ಎಂದು ಬರೆದ ಕಾರ್ಡು. ಮೊದಲ ದಿನಗಳಲ್ಲಿ ಕೈ ಹಿಡಿದು ಎಣಿಸಿಸಿ. ಆಮೇಲೆ ಬೆರಳು ತೋರಿಸಿದರೆ ಸಾಕಾಗುತ್ತದೆ, ಆಮೇಲೆ ಬರೀ ಮಾತು, ಆಮೇಲೆ ಅದೂ ಬೇಡ. ನಲಿ-ಕಲಿ ಮಾಡಿದ ಶಿಕ್ಷಕರಿಗೆ ಇದು ಹೊಸದೇನಲ್ಲ. ಶಿಕ್ಷಕರ ಬೆಂಬಲದ ಗುಂಪಿನಿಂದ ಸಹಪಾಠಿಗಳ ಬೆಂಬಲಕ್ಕೆ, ಅಲ್ಲಿಂದ ಸ್ವಕಲಿಕೆಗೆ ಮಗುವನ್ನು ದಾಟಿಸುವುದು ಅವರ ದಿನನಿತ್ಯದ ಕೆಲಸ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಆ ಪದ್ಧತಿಯಲ್ಲಿ ಪ್ರತಿ ಮಗುವೂ ಏಣಿಯ ತನ್ನದೇ ಮೆಟ್ಟಿಲಿನಲ್ಲಿ ನಿಂತಿರುತ್ತದೆ. ಐಇಪಿ ಕೇಳುವುದೂ ಅದನ್ನೇ. ನನಗೆ ಬರುವುದಿಲ್ಲ ಎಂದು ಹಿಂಜರಿಯುವ ಒಂದರಿಂದ ಮೂರನೇ ತರಗತಿಯ ಶಿಕ್ಷಕರಿಗೆ ಅರ್ಧ ವಿದ್ಯೆ ಆಗಲೇ ಕೈಯಲ್ಲಿದೆ.

ಬೌದ್ಧಿಕ ಅಸಾಮರ್ಥ್ಯ ಇರುವ ಮಕ್ಕಳಿಗೆ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ ಎಫ್‌ಎಸಿಪಿ ಎಂಬ ತಾಳೆಪಟ್ಟಿಯನ್ನು ವಿಶೇಷ ಶಿಕ್ಷಕರು ಬಳಸುತ್ತಾರೆ. ಊಟ, ಬಟ್ಟೆ, ಶೌಚ, ಮಾತು, ಓದು, ಲೆಕ್ಕ, ಕೆಲಸ, ಆಟ ಎಲ್ಲವೂ ಅದರಲ್ಲಿ ಬರುತ್ತವೆ. ತಾನೇ ಮಾಡುತ್ತದೆಯೇ, ಬಾಯಲ್ಲಿ ಹೇಳಿದರೆ ಮಾಡುತ್ತದೆಯೇ, ಕೈ ಹಿಡಿಸಿದರೆ ಮಾಡುತ್ತದೆಯೇ ಎಂದು ಗುರುತು ಹಾಕುತ್ತಾರೆ. ಬಿಐಇಆರ್‌ಟಿ ಬಂದಾಗ ಅದನ್ನು ತೋರಿಸಿ ಎಂದು ಕೇಳಿ. ಅದರ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ಮನೆಯವರು ಮಾತ್ರ ಎಂಬುದು ಆಗ ನಿಮಗೇ ಕಾಣುತ್ತದೆ.

ಮನೆಯ ಪಾಲು ಎಷ್ಟಿರಬೇಕು

ಚಿಕ್ಕದಿರಬೇಕು. ಮನೆಗೆ ಹೋಂವರ್ಕ್ ಕಟ್ಟಿ ಕಳಿಸಿದರೆ ಅದು ನಡೆಯುವುದಿಲ್ಲ, ನಡೆಯದಿದ್ದಾಗ ತಾಯಿ ಶಾಲೆಯ ಕಡೆ ಬರಲು ಸಂಕೋಚಪಡುತ್ತಾರೆ. ಅವರು ಹೇಗೂ ಮಾಡುವ ಕೆಲಸದೊಳಗೇ ಕಲಿಕೆಯನ್ನು ಸೇರಿಸಿ. ಅಡುಗೆ ಮಾಡುವಾಗ ‘ಮೂರು ಉಳ್ಳಾಗಡ್ಡಿ ತಗೊಂಡು ಬಾ’ ಎನ್ನಲು ಬೇರೆ ಸಮಯ ಬೇಕಿಲ್ಲ. ಅಂಗಿಯ ಗುಂಡಿ ಹಾಕುವುದನ್ನು ಕಲಿಸುವಾಗ ಮೇಲಿನ ಗುಂಡಿಗಳನ್ನೆಲ್ಲ ತಾಯಿ ಹಾಕಲಿ, ಕೊನೆಯದೊಂದನ್ನು ಮಗು ಹಾಕಲಿ. ಅದು ಬಂದ ಮೇಲೆ ಕೊನೆಯ ಎರಡು. ಹೀಗೆ ಹಿಂದಿನಿಂದ ಮುಂದಕ್ಕೆ ಹೋದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿನದಾಗುತ್ತದೆ. ಶೌಚ ಕಲಿಸುತ್ತಿದ್ದರೆ ಲಾಡಿಯ ಚಡ್ಡಿ ಬಿಟ್ಟು ಎಲಾಸ್ಟಿಕ್ ಚಡ್ಡಿ ಹಾಕಿ ಕಳಿಸಲು ಹೇಳಿ. ಶಾಲೆಯಲ್ಲೂ ಮನೆಯಲ್ಲೂ ಹೋಗುವ ಹೊತ್ತು ಒಂದೇ ಇರಲಿ, ಹೇಳುವ ಮಾತೂ ಒಂದೇ ಇರಲಿ.

ಹತ್ತು, ಹನ್ನೊಂದು ವರ್ಷದ ಹೆಣ್ಣುಮಕ್ಕಳ ವಿಷಯ ಇಲ್ಲಿ ಹೇಳಲೇಬೇಕು. ಮುಟ್ಟಾದರೆ ಶಾಲೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂಬ ಭಯಕ್ಕೆ ಎಷ್ಟೋ ತಾಯಂದಿರು ಮಗಳನ್ನು ಬಿಡಿಸಿಬಿಡುತ್ತಾರೆ. ಕಾರಣ ಮಾತ್ರ ಹೇಳುವುದಿಲ್ಲ. ಶಿಕ್ಷಕಿಯೊಬ್ಬರು ತಾಯಿಯ ಬಳಿ ತಾವಾಗಿ ಈ ಮಾತು ತೆಗೆದು, ಪ್ಯಾಡ್ ಬದಲಿಸುವುದನ್ನು ಮೊದಲೇ, ಮುಟ್ಟು ಬರುವ ಮುಂಚೆಯೇ, ಗುಂಡಿಯ ಹಾಗೆ ಹೆಜ್ಜೆ ಹೆಜ್ಜೆಯಾಗಿ ಕಲಿಸಲು ಯೋಜನೆಯಲ್ಲಿ ಸೇರಿಸಬೇಕು. ಯಾರು ಮಗುವನ್ನು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬ ಪಾಠವೂ ಇದರ ಜೊತೆಗೇ ಬರಬೇಕು.

ಮನೆಗೂ ಶಾಲೆಗೂ ಓಡಾಡುವ ಒಂದು ನೋಟ್‌ಬುಕ್ ಇಟ್ಟರೆ ಒಳ್ಳೆಯದು. ಓದು ಬಾರದ ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸಿ: ‘ಇವತ್ತು ತಟ್ಟೆ ತಾನೇ ಹಂಚಿದಳು.’ ವಾರಕ್ಕೆ ಒಂದಾದರೂ ಒಳ್ಳೆಯ ಸುದ್ದಿ ಹೋಗಲಿ. ಆದರೆ ಮಗುವಿನ ಫೋಟೊ, ವೈದ್ಯಕೀಯ ವರದಿ, ಯುಡಿಐಡಿ ಎಂಬ ಅಂಗವೈಕಲ್ಯ ಗುರುತಿನ ಕಾರ್ಡಿನ ಚಿತ್ರ ಇವನ್ನು ಶಾಲೆಯ ಗ್ರೂಪಿಗೆ ಹಾಕಬೇಡಿ. ಅವು ಮನೆಯವರ ಖಾಸಗಿ ಸಂಗತಿಗಳು.

ಶಾಲೆಗೆ ಬರಲಾರದಷ್ಟು ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಗೃಹಾಧಾರಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಇದು ಮಗುವಿನ ಹಕ್ಕು. ಬರಬಲ್ಲ ಮಗುವನ್ನು ಮನೆಯಲ್ಲಿ ಇರಿಸಲು ಶಾಲೆಗೆ ಸಿಕ್ಕಿದ ಅನುಮತಿ ಅಲ್ಲ. ಮನೆಯಲ್ಲಿ ಕಲಿಯುವ ಮಗುವಿನ ಹೆಸರೂ ನಿಮ್ಮ ಹಾಜರಿಯಲ್ಲಿದೆ; ಪ್ರತಿಭೋತ್ಸವಕ್ಕೆ, ರಾಷ್ಟ್ರೀಯ ಹಬ್ಬಗಳಿಗೆ ಅದನ್ನು ಕರೆತರಲು ಮನೆಯವರೊಡನೆ ಮಾತಾಡಿ. ಓಣಿಯ ಮಕ್ಕಳಿಗೆ ಅದು ತಮ್ಮ ತರಗತಿಯ ಗೆಳೆಯ ಎಂದು ತಿಳಿಯಬೇಕು.

ಸೌಲಭ್ಯ, ಪರೀಕ್ಷೆ, ಮುಂದಿನ ತರಗತಿ

ಸೌಲಭ್ಯಗಳ ಬಗ್ಗೆ ಮನೆಯವರಿಗೆ ತಿಳಿಸುವವರು ಹೆಚ್ಚಾಗಿ ಶಿಕ್ಷಕರೇ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಗುವಿಗೆ ವರ್ಷಕ್ಕೆ 3,500 ರೂ.ವರೆಗೆ ನೆರವಿಗೆ ಅವಕಾಶವಿದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂ.ನಂತೆ 10 ತಿಂಗಳ ಭತ್ಯೆ ಬೇರೆ. ಸಾರಿಗೆ, ಬೆಂಗಾವಲು, ಸಾಧನ ಸಲಕರಣೆಗಳೂ ಇವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ 1 ಲಕ್ಷ ರೂ.ವರೆಗಿನ ವೈದ್ಯಕೀಯ ವೆಚ್ಚಕ್ಕೆ ನೆರವಾಗುತ್ತದೆ. ಯುಡಿಐಡಿ ಅರ್ಜಿ, ಮಾಸಾಶನ ಇವುಗಳಿಗೆ ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಫೋನ್ ನಂಬರ್ ನಿಮ್ಮ ಬಳಿ ಇರಲಿ. ಸ್ಯಾಟ್ಸ್ ಎಂಬ ವಿದ್ಯಾರ್ಥಿ ದಾಖಲೆಯ ಜಾಲತಾಣದಲ್ಲಿ ಮಗುವಿನ ಅಂಗವೈಕಲ್ಯದ ವಿವರ ತಪ್ಪಾಗಿ ದಾಖಲಾದರೆ ಇದೆಲ್ಲ ಕೈತಪ್ಪುತ್ತದೆ. ಒಮ್ಮೆ ತೆರೆದು ನೋಡಿ.

ಪರೀಕ್ಷೆಯ ರಿಯಾಯಿತಿಗಳ ಬಗ್ಗೆ ಮಾತು ಎಂಟನೇ ತರಗತಿಯಲ್ಲೇ ಶುರುವಾಗಬೇಕು. ಹೆಚ್ಚುವರಿ ಸಮಯ, ಬರೆಯುವ ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವುಗಳ ಪ್ರಸ್ತಾಪ 2016ರ ಕಾಯ್ದೆಯ 17ನೇ ಸೆಕ್ಷನ್‌ನಲ್ಲೇ ಇದೆ. ಎಸ್ಸೆಸ್ಸೆಲ್ಸಿ ನೋಂದಣಿಯ ಹೊತ್ತಿಗೆ ದಾಖಲೆ ಸಿದ್ಧವಿರಬೇಕು. ಪ್ರಮಾಣಪತ್ರಕ್ಕೆ ಆಸ್ಪತ್ರೆಯ ಸರದಿ ಸಿಗುವುದೇ ತಡವಾಗುವ ಕಡೆಗಳಲ್ಲಿ ಹತ್ತನೇ ತರಗತಿಯಲ್ಲಿ ಓಡಾಡಿದರೆ ಏನೂ ಆಗುವುದಿಲ್ಲ. ಬರೆಯುವ ಸಹಾಯಕರ ಜೊತೆ ಪರೀಕ್ಷೆ ಬರೆಯುವುದೂ ಒಂದು ಅಭ್ಯಾಸ. ಕಿರುಪರೀಕ್ಷೆಗಳಿಂದಲೇ ರೂಢಿ ಮಾಡಿಸಿ.

ಮನೆಯವರೊಂದಿಗೆ ಭಿನ್ನಾಭಿಪ್ರಾಯ ಬಂದೇ ಬರುತ್ತದೆ. ತಂದೆಗೆ ಮಗ ಇಂಗ್ಲಿಷ್ ಓದಬೇಕು ಎಂಬ ಆಸೆ, ನಿಮಗೆ ಮೊದಲು ಕನ್ನಡದ ಅಕ್ಷರ ಗಟ್ಟಿಯಾಗಲಿ ಎಂಬ ಆತುರ. ವಾದ ಮಾಡಿ ಗೆಲ್ಲುವುದರಿಂದ ಪ್ರಯೋಜನವಿಲ್ಲ. ಒಂದು ಗುರಿ ಅವರದು, ಒಂದು ನಿಮ್ಮದು ಇಟ್ಟುಕೊಂಡು ಮೂರು ತಿಂಗಳ ನಂತರ ಮಗುವಿನ ಕೆಲಸವನ್ನೇ ಮುಂದಿಟ್ಟು ಮಾತಾಡಿ. ಅದಕ್ಕಾಗಿಯೇ ಮರುಪರಿಶೀಲನೆ ಇರುವುದು. ದಸರಾ ರಜೆಗೆ ಮೊದಲು ಒಮ್ಮೆ, ಜನವರಿಯಲ್ಲಿ ಒಮ್ಮೆ, ವರ್ಷದ ಕೊನೆಗೆ ಒಮ್ಮೆ. ಮಗುವಿನ ಜೂನ್‌ನ ಪುಟ, ಈಗಿನ ಪುಟ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಗುರಿ ಮುಟ್ಟದಿದ್ದರೆ ಮಗುವನ್ನೂ ಮನೆಯವರನ್ನೂ ದೂರದೆ ಗುರಿಯನ್ನೇ ಇನ್ನೂ ಸಣ್ಣ ತುಂಡು ಮಾಡಿ.

ಈ ಕೆಲಸ ಹೆಚ್ಚು ಕೆಡುವುದು ಕೈಬದಲಾಗುವಾಗ. ಶಿಕ್ಷಕರಿಗೆ ವರ್ಗಾವಣೆ ಆಗುತ್ತದೆ, ಏಳನೇ ತರಗತಿ ಮುಗಿಸಿದ ಮಗು ಬೇರೆ ಊರಿನ ಪ್ರೌಢಶಾಲೆಗೆ ಹೋಗುತ್ತದೆ, ಟಿ.ಸಿ. ಜೊತೆ ಐಇಪಿ ಹೋಗುವುದಿಲ್ಲ. ಹೊಸ ಶಿಕ್ಷಕರು ಮತ್ತೆ ‘ಸಂಖ್ಯಾಜ್ಞಾನ ಇಲ್ಲ’ ಎಂದು ಶುರು ಮಾಡುತ್ತಾರೆ. ಆದ್ದರಿಂದ ಆ ಒಂದು ಪುಟದ ಪ್ರತಿ ಮನೆಯವರ ಬಳಿಯೂ ಇರಲಿ, ಆಧಾರ್ ಮತ್ತು ಯುಡಿಐಡಿ ಇರುವ ಅದೇ ಪ್ಲಾಸ್ಟಿಕ್ ಚೀಲದಲ್ಲಿ. ಹೊಸ ಶಾಲೆಯ ಮುಖ್ಯ ಶಿಕ್ಷಕರಿಗೆ ನೀವೇ ಒಂದು ಫೋನ್ ಮಾಡಿ. ಏಪ್ರಿಲ್‌ನಲ್ಲಿ, ರಜೆ ಶುರುವಾಗುವ ಮೊದಲು, ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಹೋಗಿ ಆ ಶಾಲೆಯ ಶೌಚಾಲಯ, ನೀರಿನ ನಲ್ಲಿ, ತರಗತಿಯ ಬಾಗಿಲು ತೋರಿಸಿ. ಬಿಐಇಆರ್‌ಟಿಯವರಿಗೆ ಹೊಸ ಶಾಲೆಯ ಹೆಸರು ಬರೆದುಕೊಡಿ, ಮನೆಯವರಿಗೆ ಹೊಸ ತರಗತಿ ಶಿಕ್ಷಕರ ಫೋನ್ ನಂಬರ್ ಬರೆದುಕೊಡಿ.